ಅಂಕಿ, ಅಕ್ಷರ, ಅಭಾವ: ಪೈಥಾನಿನ ದತ್ತಾಂಶ ಪ್ರಕಾರಗಳು ಮತ್ತು ಹೊರನಾಡ ಕನ್ನಡ ಅಧ್ಯಯನ

ಕನ್ನಡ ವಿಭಾಗಗಳಲ್ಲಿ ಗಣಕಯಂತ್ರ ಇಂದು ಅಪರೂಪದ ವಸ್ತುವಲ್ಲ. ಸಂಶೋಧನ ಪ್ರಬಂಧಗಳು ಅದರಲ್ಲಿಯೇ ಸಿದ್ಧವಾಗುತ್ತವೆ. ಗ್ರಂಥಸೂಚಿಗಳು, ಪದಕೋಶಗಳು, ಕ್ಷೇತ್ರಕಾರ್ಯದ ಟಿಪ್ಪಣಿಗಳು ಅದರಲ್ಲಿಯೇ ಶೇಖರವಾಗುತ್ತವೆ. ಆದರೂ ಗಣಕಕ್ಕೆ ಆಜ್ಞೆ ಕೊಡುವ ಭಾಷೆಗಳ ವಿಚಾರ ಬಂದೊಡನೆ ಅದು ತಂತ್ರಜ್ಞರ ಹೊಣೆ, ಸಾಹಿತ್ಯದ ವಿದ್ಯಾರ್ಥಿಗೆ ಅದರಿಂದ ಆಗಬೇಕಾದುದೇನೂ ಇಲ್ಲ ಎಂಬ ಭಾವನೆ ಬಲವಾಗಿದೆ. ಆ ಭಾಷೆಗಳನ್ನು ಕಲಿಯಲು ಮುಂದಾಗುವ ಕೆಲವರೂ ಮೊದಲ ಪಾಠವನ್ನು ಅವಸರದಿಂದ ದಾಟಿಬಿಡುತ್ತಾರೆ. ಪೈಥಾನ್ ಭಾಷೆಯನ್ನು ಕಲಿಸುವ ಪುಸ್ತಕಗಳ ಆರಂಭದಲ್ಲಿಯೇ ಎದುರಾಗುವ ದತ್ತಾಂಶ ಪ್ರಕಾರಗಳ, ಎಂದರೆ ಡೇಟಾ ಟೈಪ್‌ಗಳ, ಅಧ್ಯಾಯವೇ ಆ ಪಾಠ. ಪೂರ್ಣಾಂಕ, ದಶಮಾಂಶ, ಪಠ್ಯ, ಸತ್ಯಾಸತ್ಯ ಎಂಬ ನಾಲ್ಕಾರು ಹೆಸರುಗಳನ್ನು ಬಾಯಿಪಾಠ ಮಾಡಿ ಮುಂದೆ ಸಾಗುವುದು ವಾಡಿಕೆ. ಆದರೆ ಕನ್ನಡದ ವಿದ್ಯಾರ್ಥಿಗೆ ಎಲ್ಲಕ್ಕಿಂತ ಹತ್ತಿರವಾದ ಅಧ್ಯಾಯ ಇದೇ. ಹೊರನಾಡಿನ ಕನ್ನಡ ವಿಭಾಗಗಳು ಇದನ್ನು ತಮ್ಮ ಪಠ್ಯಕ್ರಮದ ಭಾಗವಾಗಿಯೇ ಸ್ವೀಕರಿಸಬೇಕು ಎಂಬುದು ಇಲ್ಲಿನ ಪ್ರತಿಪಾದನೆ.

ಪ್ರಕಾರ ಎಂಬ ಕಲ್ಪನೆ ಕನ್ನಡ ವ್ಯಾಕರಣವನ್ನು ಓದಿದವರಿಗೆ ಹೊಸದೇನೂ ಅಲ್ಲ. 'ಐದು', 'ಐವರು', 'ಐದನೆಯ' ಎಂಬ ಮೂರು ರೂಪಗಳಲ್ಲಿಯೂ ಇರುವುದು ಒಂದೇ ಸಂಖ್ಯೆ. ಆದರೆ ವ್ಯಾಕರಣವು ಮೊದಲನೆಯದನ್ನು ಸಂಖ್ಯಾವಾಚಕವೆಂದೂ ಉಳಿದೆರಡನ್ನು ಸಂಖ್ಯೇಯವಾಚಕಗಳೆಂದೂ ಬೇರ್ಪಡಿಸುತ್ತದೆ. ಐದು ಪುಸ್ತಕಗಳಿಗೆ ಮೂರು ಪುಸ್ತಕಗಳನ್ನು ಸೇರಿಸಿದರೆ ಎಂಟು ಪುಸ್ತಕಗಳಾಗುತ್ತವೆ. ಐದನೆಯ ಪುಸ್ತಕಕ್ಕೆ ಮೂರನೆಯ ಪುಸ್ತಕವನ್ನು ಸೇರಿಸಿದರೆ ಎಂಟನೆಯ ಪುಸ್ತಕ ದೊರೆಯುವುದಿಲ್ಲ. 'ಅವಳು ಬಂದಿತು' ಎಂಬ ವಾಕ್ಯವನ್ನು ಕೇಳಿದ ಕನ್ನಡಿಗನ ಕಿವಿ ತಕ್ಷಣ ಎಚ್ಚರಗೊಳ್ಳುವುದಕ್ಕೂ ಇದೇ ಕಾರಣ: ಪದವು ಯಾವ ವರ್ಗಕ್ಕೆ ಸೇರಿದೆಯೆಂಬುದು ಅದರೊಡನೆ ಯಾವ ಕ್ರಿಯಾರೂಪ ಹೊಂದುತ್ತದೆಯೆಂಬುದನ್ನು ನಿರ್ಧರಿಸುತ್ತದೆ. ಗಣಕದ ದತ್ತಾಂಶ ಪ್ರಕಾರವೆಂದರೂ ಇಷ್ಟೇ. ಒಂದು ಮೌಲ್ಯ ಯಾವ ಜಾತಿಯದು, ಅದರ ಮೇಲೆ ಯಾವ ಕ್ರಿಯೆಗಳು ಸಲ್ಲುತ್ತವೆ, ಯಾವುವು ಸಲ್ಲುವುದಿಲ್ಲ ಎಂಬ ನಿರ್ಣಯವೇ ಪ್ರಕಾರ.

ಪೈಥಾನ್ ಭಾಷೆಯನ್ನು ರೂಪಿಸಿದವನು ನೆದರ್ಲೆಂಡ್ಸಿನ ಗೀಡೋ ವಾನ್ ರಾಸಮ್. ಆಮ್‌ಸ್ಟರ್‌ಡ್ಯಾಮಿನ ಗಣಿತ ಮತ್ತು ಗಣಕವಿಜ್ಞಾನದ ರಾಷ್ಟ್ರೀಯ ಸಂಶೋಧನ ಕೇಂದ್ರದಲ್ಲಿದ್ದಾಗ 1989ರ ಕೊನೆಯಲ್ಲಿ ಆತ ಈ ಕೆಲಸವನ್ನು ಆರಂಭಿಸಿದನು. 1991ರಲ್ಲಿ ಅದರ ಮೊದಲ ಆವೃತ್ತಿ ಹೊರಬಂದಿತು. ಈ ಭಾಷೆಯಲ್ಲಿ ಬರೆಯುವವನು ಪ್ರಕಾರವನ್ನು ಮುಂಚಿತವಾಗಿ ಘೋಷಿಸಬೇಕಾಗಿಲ್ಲ. 'ಬೆಲೆ' ಎಂಬ ಹೆಸರಿಗೆ ಈಗ 5 ಎಂಬ ಪೂರ್ಣಾಂಕವನ್ನು ಕೊಡಬಹುದು, ಮುಂದಿನ ಸಾಲಿನಲ್ಲಿ 'ಐದು' ಎಂಬ ಪದವನ್ನೂ ಕೊಡಬಹುದು. ಇದನ್ನು ಕಂಡು ಪೈಥಾನಿನಲ್ಲಿ ಪ್ರಕಾರಗಳಿಗೆ ಮಹತ್ವವಿಲ್ಲವೆಂದು ಭಾವಿಸುವವರುಂಟು. ಆದರೆ ಅಲ್ಲಿ ಪ್ರಕಾರವಿಲ್ಲದಿರುವುದು ಹೆಸರಿಗೆ ಮಾತ್ರ. ಹೆಸರು ಸೂಚಿಸುವ ವಸ್ತುವಿಗೆ ಪ್ರಕಾರವು ಸದಾ ಇದ್ದೇ ಇರುತ್ತದೆ. 2 ಎಂಬ ಸಂಖ್ಯೆಗೆ 3 ಎಂಬ ಸಂಖ್ಯೆಯನ್ನು ಕೂಡಿಸಿದರೆ 5 ಬರುತ್ತದೆ. ಅವೇ ಅಂಕಿಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಪಠ್ಯವಾಗಿಸಿ ಕೂಡಿಸಿದರೆ 23 ಎಂಬ ಪಠ್ಯ ಬರುತ್ತದೆ. ಪಠ್ಯವಾದ 2ಕ್ಕೆ ಸಂಖ್ಯೆಯಾದ 3ನ್ನು ಕೂಡಿಸಲು ಹೇಳಿದರೆ ಪ್ರಕಾರದೋಷವೆಂದು ಸಾರಿ ಯಂತ್ರ ನಿಂತುಬಿಡುತ್ತದೆ. ಹೆಸರಿನ ವಿಷಯದಲ್ಲಿ ಸಡಿಲವಾಗಿದ್ದು ವಸ್ತುವಿನ ವಿಷಯದಲ್ಲಿ ನಿಷ್ಠುರವಾಗಿರುವುದು ಈ ಭಾಷೆಯ ಸ್ವಭಾವ.

ಈ ಸ್ವಭಾವದಿಂದ ಕನ್ನಡದ ಕೆಲಸಕ್ಕೆ ಆಗುವ ಲಾಭ, ಅದನ್ನು ಅರಿಯದಿದ್ದರೆ ಒದಗುವ ಹಾನಿ ಎರಡನ್ನೂ ಒಂದು ನಿದರ್ಶನದ ಮೂಲಕ ನೋಡುವುದು ಲೇಸು. ಹೊರನಾಡ ಕನ್ನಡ ಸಂಘಗಳಲ್ಲಿ ಹಲವು ಬಹಳ ಹಳೆಯವು. ಮುಂಬಯಿಯ ಮೈಸೂರು ಅಸೋಸಿಯೇಷನ್ ಸ್ಥಾಪನೆಯಾದುದು 1926ರಲ್ಲಿ. ಇಷ್ಟೇ ವಯಸ್ಸಾದ ಒಂದು ಕಲ್ಪಿತ ಸಂಘವನ್ನೂ ಅದರ ಪುಸ್ತಕ ಭಂಡಾರವನ್ನೂ ಊಹಿಸಿಕೊಳ್ಳಬಹುದು. ದಾಖಲೆ ಸಂಖ್ಯೆ, ಗ್ರಂಥದ ಹೆಸರು, ಕರ್ತೃ, ಪ್ರಕಟಣ ವರ್ಷ, ಪುಟ, ಬೆಲೆ, ಪ್ರತಿ ಸುಸ್ಥಿತಿಯಲ್ಲಿದೆಯೇ ಎಂಬ ಟಿಪ್ಪಣಿ—ಇವು ಅದರ ಹಳೆಯ ದಾಖಲೆ ಪುಸ್ತಕದ ಅಂಕಣಗಳು. ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿ ಆ ದಾಖಲೆಯನ್ನು ಗಣಕಕ್ಕೆ ಏರಿಸಿ ಪೈಥಾನಿನ ನೆರವಿನಿಂದ ಸೂಚಿಯೊಂದನ್ನು ಸಿದ್ಧಪಡಿಸಬೇಕಾಗಿದೆ ಎಂದಿಟ್ಟುಕೊಳ್ಳಬಹುದು. ಪ್ರತಿಯೊಂದು ಅಂಕಣದಲ್ಲಿಯೂ ಆಕೆ ಎದುರಿಸುವ ಮೊದಲ ಪ್ರಶ್ನೆ, ಇದು ಯಾವ ಜಾತಿಯ ವಸ್ತು ಎಂಬುದೇ.

ದಾಖಲೆ ಸಂಖ್ಯೆ 0045 ಎಂದಿದೆ. ನೋಡಲು ಅದು ಸಂಖ್ಯೆ. ಪೈಥಾನಿನಲ್ಲಿ ಪೂರ್ಣಾಂಕಕ್ಕೆ ಇಂಟ್ ಎಂಬ ಹೆಸರಿದೆ. ಅದರ ಗಾತ್ರಕ್ಕೆ ಯಂತ್ರದ ಸ್ಮರಣೆಯ ಮಿತಿಯಲ್ಲದೆ ಬೇರೆ ಮಿತಿಯಿಲ್ಲ, ಎಷ್ಟು ಅಂಕಿಗಳ ಸಂಖ್ಯೆಯನ್ನಾದರೂ ಅದು ಲೋಪವಿಲ್ಲದೆ ಹಿಡಿದಿಡಬಲ್ಲದು. ಆದರೆ 0045ನ್ನು ಇಂಟ್ ಆಗಿ ಪರಿವರ್ತಿಸಿದರೆ ಅದು 45 ಆಗುತ್ತದೆ. ಮುಂದಿನ ಎರಡು ಸೊನ್ನೆಗಳು ಮಾಯವಾಗುತ್ತವೆ. ಪುಸ್ತಕದ ಬೆನ್ನಿನ ಮೇಲೆ ಅಂಟಿಸಿರುವ ಚೀಟಿಗೂ ಸೂಚಿಗೂ ಹೊಂದಿಕೆ ತಪ್ಪುತ್ತದೆ. ದಾಖಲೆ ಸಂಖ್ಯೆಗಳನ್ನು ಯಾರೂ ಕೂಡುವುದಿಲ್ಲ, ಅವುಗಳ ಸರಾಸರಿ ತೆಗೆಯುವುದಿಲ್ಲ. ಆದುದರಿಂದ ಅದು ಅಂಕಿಗಳಲ್ಲಿ ಬರೆದ ಹೆಸರು, ಪಠ್ಯವೆಂದೇ ಪರಿಗಣಿಸತಕ್ಕದ್ದು. ದೂರವಾಣಿ ಸಂಖ್ಯೆ, ಅಂಚೆಯ ಪಿನ್ ಕೋಡ್ ಇವಕ್ಕೂ ಇದೇ ಮಾತು ಅನ್ವಯಿಸುತ್ತದೆ. ಪುಟಗಳ ಸಂಖ್ಯೆಯಾದರೋ ನಿಜವಾದ ಪೂರ್ಣಾಂಕ. ಅದನ್ನು ಕೂಡಬಹುದು, ಹೋಲಿಸಬಹುದು.

ಬೆಲೆಯ ಅಂಕಣದಲ್ಲಿ ತೊಡಕು ಹೆಚ್ಚು. ಭಾರತದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದುದು 1957ರ ಏಪ್ರಿಲ್ 1ರಂದು. ಅದಕ್ಕೆ ಮುನ್ನ ಅಚ್ಚಾದ ಪುಸ್ತಕಗಳ ಬೆಲೆ ರೂಪಾಯಿ, ಆಣೆ, ಪೈಗಳಲ್ಲಿದೆ. 1-8-0 ಎಂದರೆ ಒಂದು ರೂಪಾಯಿ ಎಂಟಾಣೆ, ಎಂದರೆ ಒಂದೂವರೆ ರೂಪಾಯಿ. ಅದನ್ನು 1.8 ಎಂದು ದಾಖಲಿಸಿದರೆ ಯಂತ್ರ ಒಂದಿಷ್ಟೂ ಆಕ್ಷೇಪಿಸುವುದಿಲ್ಲ. 1-8-0 ಮತ್ತು 2-12-0 ಬೆಲೆಯ ಎರಡು ಪುಸ್ತಕಗಳ ಮೊತ್ತ ನಾಲ್ಕು ರೂಪಾಯಿ ನಾಲ್ಕಾಣೆ, ಆದರೆ 1.8ಕ್ಕೆ 2.12ನ್ನು ಕೂಡಿಸಿದ ಯಂತ್ರ 3.92ರ ಆಸುಪಾಸಿನ ಉತ್ತರ ಕೊಡುತ್ತದೆ. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ, ಹೀಗೆ ಒಂದು ರೂಪಾಯಿಗೆ 192 ಪೈ ಎಂಬುದನ್ನು ಬಲ್ಲವರು ಎಲ್ಲ ಬೆಲೆಗಳನ್ನೂ ಪೈಗಳಿಗೆ ಇಳಿಸಿ ಪೂರ್ಣಾಂಕಗಳಾಗಿ ಇಡುತ್ತಾರೆ: 288 ಮತ್ತು 528, ಒಟ್ಟು 816 ಪೈ. ಇಲ್ಲಿ ತಪ್ಪನ್ನು ತಡೆಯುವುದು ಹಳೆಯ ಪುಸ್ತಕಗಳ ಪರಿಚಯವೇ ಹೊರತು ಯಂತ್ರದ ಪರಿಚಯ ಮಾತ್ರವಲ್ಲ.

ದಶಮಾಂಶ ಸಂಖ್ಯೆಗಳಿಗೆ ಪೈಥಾನ್ ಕೊಟ್ಟಿರುವ ಹೆಸರು ಫ್ಲೋಟ್. ಅದಕ್ಕೂ ಒಂದು ಮಿತಿಯಿದೆ. 0.1ಕ್ಕೆ 0.2ನ್ನು ಕೂಡಿಸಿದರೆ ಪೈಥಾನ್ ಕೊಡುವ ಉತ್ತರ 0.30000000000000004. ಅದು 0.3ಕ್ಕೆ ಸಮವೇ ಎಂದು ಕೇಳಿದರೆ ಅಲ್ಲ ಎನ್ನುತ್ತದೆ. ಯಂತ್ರವು ಸಂಖ್ಯೆಗಳನ್ನು ಎರಡರ ಘಾತಗಳಲ್ಲಿ ಹಿಡಿದಿಡುವುದರಿಂದ ಹತ್ತನೆಯ ಒಂದು ಭಾಗ ಅದಕ್ಕೆ ನಿಖರವಾಗಿ ದಕ್ಕುವುದಿಲ್ಲ. ಮೂರನೆಯ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಹೊರಟರೆ ಅಂಕಿಗಳು ಮುಗಿಯದೆ ಉಳಿಯುವಂತೆಯೇ ಇದು. ವಿನೋದವೆಂದರೆ ಹಳೆಯ ಆಣೆ ಈ ಯಂತ್ರಕ್ಕೆ ಚೆನ್ನಾಗಿ ಒಗ್ಗುತ್ತದೆ. ರೂಪಾಯಿಯ ಹದಿನಾರನೆಯ ಒಂದು ಭಾಗವಾದ ಆಣೆ, ಎಂದರೆ 0.0625, ಎರಡರ ಘಾತದ ಭಾಗವಾದುದರಿಂದ ಫ್ಲೋಟಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಿಲ್ಲುತ್ತದೆ. ಹತ್ತು ಪೈಸೆ ನಿಲ್ಲುವುದಿಲ್ಲ. ಆದಕಾರಣ ಹಣದ ಲೆಕ್ಕವನ್ನು ಫ್ಲೋಟಿಗೆ ಒಪ್ಪಿಸದೆ ಪೈಸೆಗಳ ಪೂರ್ಣಾಂಕವಾಗಿ ಇಡುವುದು, ಇಲ್ಲವೆ ಡೆಸಿಮಲ್ ಎಂಬ ಪ್ರತ್ಯೇಕ ಪ್ರಕಾರವನ್ನು ಬಳಸುವುದು ಉಚಿತ. ಅಳತೆ, ಶೇಕಡಾವಾರು, ಸರಾಸರಿಗಳಂತಹ ಅಂದಾಜಿನ ಸಂಖ್ಯೆಗಳಿಗೆ ಫ್ಲೋಟ್ ಯೋಗ್ಯವಾದುದೇ.

ಪ್ರಕಟಣ ವರ್ಷದ ಅಂಕಣ ವಿದ್ವತ್ತನ್ನೇ ಪರೀಕ್ಷೆಗೊಡ್ಡುತ್ತದೆ. ಕೆಲವು ಪುಸ್ತಕಗಳಲ್ಲಿ ವರ್ಷ ೧೯೪೭ ಎಂದು ಕನ್ನಡ ಅಂಕಿಗಳಲ್ಲಿದೆ. ಪಠ್ಯವಾಗಿ ನೋಡಿದರೆ ೧೯೪೭ ಮತ್ತು 1947 ಒಂದೇ ಅಲ್ಲ. ಆದರೆ ಎರಡನ್ನೂ ಇಂಟ್ ಆಗಿ ಪರಿವರ್ತಿಸಿದರೆ ಸಮವಾಗುತ್ತವೆ. ಕನ್ನಡ ಅಂಕಿಗಳನ್ನು ಓದಬಲ್ಲ ಶಕ್ತಿ ಈ ಭಾಷೆಗೆ ಇದೆ. ಬೆರಳಚ್ಚು ಮಾಡಿದವರು ಸೊನ್ನೆಗೆ ಬದಲು ಅದರಂತೆಯೇ ಕಾಣುವ ಅನುಸ್ವಾರವನ್ನು ಒತ್ತಿದ್ದರೆ ಕಣ್ಣಿಗೆ ಅದು ತಿಳಿಯದು. ಪರಿವರ್ತನೆಯ ಹೊತ್ತಿಗೆ ಯಂತ್ರ ಅದನ್ನು ಹಿಡಿದು ತೋರಿಸುತ್ತದೆ. ಇನ್ನು ಕೆಲವು ಪುಸ್ತಕಗಳಲ್ಲಿ 'ಪ್ರಭವ' ಎಂಬಂತೆ ಸಂವತ್ಸರದ ಹೆಸರು ಮಾತ್ರ ಇರುತ್ತದೆ. ಅರವತ್ತು ವರ್ಷಗಳ ಆವರ್ತದಲ್ಲಿ ಪ್ರಭವ 1867ರಲ್ಲಿಯೂ 1927ರಲ್ಲಿಯೂ 1987ರಲ್ಲಿಯೂ ಆರಂಭವಾಗಿದೆ. ಇವುಗಳಲ್ಲಿ ಯಾವುದೆಂಬುದನ್ನು ಕಾಗದ, ಅಚ್ಚು, ಮುನ್ನುಡಿ, ಕರ್ತೃವಿನ ಕಾಲ ಇವುಗಳಿಂದ ನಿರ್ಣಯಿಸಬೇಕು. ಹೆಸರನ್ನು ಪಠ್ಯವಾಗಿಯೇ ಒಂದೆಡೆ ಉಳಿಸಿ, ನಿರ್ಣಯಿಸಿದ ವರ್ಷವನ್ನು ಪೂರ್ಣಾಂಕವಾಗಿ ಇನ್ನೊಂದೆಡೆ ಇಡುವುದು ಪ್ರಾಮಾಣಿಕವಾದ ಮಾರ್ಗ.

ವರ್ಷವೇ ನಮೂದಾಗದ ಪುಸ್ತಕಗಳ ಗತಿಯೇನು? ಸೊನ್ನೆಯನ್ನು ತುಂಬಿ ಮುಂದುವರಿಯುವ ಅಭ್ಯಾಸ ವ್ಯಾಪಕವಾಗಿದೆ. ನಾಲ್ಕು ಪುಸ್ತಕಗಳು ಕ್ರಮವಾಗಿ 1925, 1931, 1940, 1952ರಲ್ಲಿ ಅಚ್ಚಾದವು, ಐದನೆಯದರ ವರ್ಷ ತಿಳಿಯದು ಎಂದಿಟ್ಟುಕೊಂಡರೆ, ತಿಳಿದ ನಾಲ್ಕರ ಸರಾಸರಿ 1937. ಐದನೆಯದಕ್ಕೆ ಸೊನ್ನೆ ತುಂಬಿದರೆ ಸರಾಸರಿ 1549.6ಕ್ಕೆ ಕುಸಿಯುತ್ತದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ ಅಚ್ಚಾದುದು 1817ರಲ್ಲಿ. ಯಂತ್ರ ಹೇಳುವ ವರ್ಷ ಅದಕ್ಕಿಂತ ಎರಡೂವರೆ ಶತಮಾನ ಹಿಂದಿನದು. ಪೈಥಾನಿನಲ್ಲಿ ಇಂತಹ ಸಂದರ್ಭಕ್ಕೆಂದೇ ನನ್ ಎಂಬ ವಿಶೇಷ ಮೌಲ್ಯವಿದೆ. ಅದು ಸೊನ್ನೆಯಲ್ಲ, ಖಾಲಿ ಪಠ್ಯವೂ ಅಲ್ಲ. ಇಲ್ಲಿ ಮೌಲ್ಯವಿಲ್ಲ ಎಂಬುದರ ಸ್ಪಷ್ಟ ಘೋಷಣೆ. ನನ್‌ಗೆ ಸಂಖ್ಯೆಯನ್ನು ಕೂಡಿಸಲು ಹೇಳಿದರೆ ಯಂತ್ರ ಒಪ್ಪುವುದಿಲ್ಲ. ಆ ನಿರಾಕರಣೆಯೇ ಅದರ ಉಪಕಾರ. ಗ್ರಂಥಸಂಪಾದನೆಯನ್ನು ಅಭ್ಯಾಸ ಮಾಡಿದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಓಲೆಗರಿ ಮುರಿದು ಅಕ್ಷರಗಳು ನಷ್ಟವಾದ ಸ್ಥಳದಲ್ಲಿ ಸಂಪಾದಕನು ತನಗೆ ತೋಚಿದ ಪದವನ್ನು ಮೂಲದ್ದೆಂಬಂತೆ ತುಂಬುವುದಿಲ್ಲ. ತ್ರುಟಿತವೆಂದು ಚುಕ್ಕಿಗಳಿಂದ ಸೂಚಿಸುತ್ತಾನೆ. ಡಿ. ಎಲ್. ನರಸಿಂಹಾಚಾರ್ಯರಂತಹ ವಿದ್ವಾಂಸರು ಕನ್ನಡದಲ್ಲಿ ಬೆಳೆಸಿದ ಆ ಶಿಸ್ತಿಗೂ ನನ್ ಎಂಬ ಪ್ರಕಾರದ ಹಿಂದಿನ ವಿವೇಕಕ್ಕೂ ಬಹಳ ಅಂತರವಿಲ್ಲ.

ಸತ್ಯಾಸತ್ಯಗಳ ಪ್ರಕಾರಕ್ಕೆ ಬೂಲ್ ಎಂದು ಹೆಸರು. ತರ್ಕವನ್ನು ಬೀಜಗಣಿತದ ರೂಪಕ್ಕೆ ತಂದ ಜಾರ್ಜ್ ಬೂಲ್‌ನ ಸ್ಮರಣೆ ಅದರಲ್ಲಿದೆ. ಆತನ ಪ್ರಸಿದ್ಧ ಗ್ರಂಥ 1854ರಲ್ಲಿ ಪ್ರಕಟವಾಯಿತು. ಟ್ರೂ ಮತ್ತು ಫಾಲ್ಸ್ ಎಂಬ ಎರಡೇ ಮೌಲ್ಯಗಳು ಇದರಲ್ಲಿವೆ. ಲೆಕ್ಕದಲ್ಲಿ ಟ್ರೂ ಒಂದಾಗಿಯೂ ಫಾಲ್ಸ್ ಸೊನ್ನೆಯಾಗಿಯೂ ವರ್ತಿಸುತ್ತವೆ. ಹೀಗಾಗಿ ಸುಸ್ಥಿತಿಯಲ್ಲಿರುವ ಪ್ರತಿಗಳೆಷ್ಟು ಎಂದು ತಿಳಿಯಲು ಆ ಅಂಕಣವನ್ನು ಕೂಡಿದರೆ ಸಾಕು. ಆದರೆ ದಾಖಲೆಯಲ್ಲಿ 'ಇಲ್ಲ' ಎಂಬ ಪದವನ್ನು ಬರೆದಿಟ್ಟು ಅದನ್ನೇ ಬೂಲ್ ಆಗಿ ಪರಿವರ್ತಿಸಿದರೆ ಪೈಥಾನ್ ಅದನ್ನು ಟ್ರೂ ಎಂದು ಪರಿಗಣಿಸುತ್ತದೆ. ಖಾಲಿಯಲ್ಲದ ಪಠ್ಯವೆಲ್ಲ ಅದರ ದೃಷ್ಟಿಯಲ್ಲಿ ಸತ್ಯ; ಪದದ ಅರ್ಥ ಅದಕ್ಕೆ ತಿಳಿಯದು. ಹರಿದು ಚೂರಾದ ಪುಸ್ತಕಗಳೆಲ್ಲ ಸುಸ್ಥಿತಿಯಲ್ಲಿವೆ ಎಂಬ ವರದಿ ಸಂಘದ ಕಾರ್ಯಕಾರಿ ಸಮಿತಿಗೆ ಹೋಗಲು ಇಷ್ಟು ಸಾಕು.

ಇವೆಲ್ಲಕ್ಕಿಂತ ಮಹತ್ವದ ಪ್ರಕಾರ ಪಠ್ಯ. ಪೈಥಾನ್ ಅದನ್ನು ಸ್ಟ್ರಿಂಗ್ ಎಂದು ಕರೆಯುತ್ತದೆ. 'ಕನ್ನಡ' ಎಂಬ ಪದದ ಉದ್ದವೆಷ್ಟು ಎಂದು ಅದನ್ನು ಕೇಳಿದರೆ ಐದು ಎನ್ನುತ್ತದೆ. ಮೂರಕ್ಷರದ ಪದ ಐದಾದುದು ಹೇಗೆ? ಯೂನಿಕೋಡ್ ಎಂಬ ಸಂಕೇತ ವ್ಯವಸ್ಥೆಯಲ್ಲಿ ಕ, ನ, ವಿರಾಮ ಚಿಹ್ನೆ, ಮತ್ತೆ ನ, ಡ ಎಂಬ ಐದು ಸಂಕೇತಗಳಿಂದ ಆ ಪದ ನಿರ್ಮಿತವಾಗಿದೆ. ಪೈಥಾನ್ ಎಣಿಸುವುದು ಆ ಸಂಕೇತಗಳನ್ನು. ಅದೇ ಪದವನ್ನು ಯುಟಿಎಫ್-8 ವಿಧಾನದಲ್ಲಿ ಶೇಖರಿಸಿದರೆ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟುಗಳಂತೆ ಹದಿನೈದು ಬೈಟುಗಳಾಗುತ್ತವೆ. ಛಂದಸ್ಸನ್ನು ಓದಿದವರು ಒತ್ತಕ್ಷರದ ಹಿಂದಿನ 'ಕ' ಗುರುವಾಗುವುದರಿಂದ ನಾಲ್ಕು ಮಾತ್ರೆಗಳೆನ್ನುತ್ತಾರೆ. ಹೀಗೆ ಒಂದೇ ಪದಕ್ಕೆ ಮೂರು ಅಕ್ಷರ, ನಾಲ್ಕು ಮಾತ್ರೆ, ಐದು ಸಂಕೇತ, ಹದಿನೈದು ಬೈಟು. ನಾಲ್ಕು ಉತ್ತರಗಳೂ ಸರಿಯೇ. ಕೇಳಿದ ಪ್ರಶ್ನೆ ಯಾವುದೆಂಬುದು ಮುಖ್ಯ. ನಾಗವರ್ಮನ 'ಛಂದೋಂಬುಧಿ'ಯ ಕಾಲದಿಂದಲೂ ಅಕ್ಷರಗಣ ಬೇರೆ, ಮಾತ್ರಾಗಣ ಬೇರೆ ಎಂದು ಎಣಿಕೆಯ ಘಟಕವನ್ನು ಮೊದಲು ನಿರ್ಧರಿಸುವ ಪರಂಪರೆ ಕನ್ನಡಕ್ಕಿದೆ. ಆ ಪರಂಪರೆಯ ವಿದ್ಯಾರ್ಥಿಗೆ ಐದು ಎಂಬ ಉತ್ತರ ಗಾಬರಿ ಹುಟ್ಟಿಸಬೇಕಾಗಿಲ್ಲ; ಅದನ್ನು ಅಕ್ಷರಗಳ ಸಂಖ್ಯೆಯೆಂದು ನಂಬುವ ಮೋಸಕ್ಕೂ ಆತ ಒಳಗಾಗಬಾರದು.

ಈ ಮೋಸದ ಫಲಗಳು ಸೂಚಿಯಲ್ಲಿ ಪ್ರತ್ಯಕ್ಷವಾಗುತ್ತವೆ. 'ಶಾಸ್ತ್ರ' ಎಂಬ ಎರಡಕ್ಷರದ ಪದದಲ್ಲಿ ಏಳು ಸಂಕೇತಗಳಿವೆ. ಚೀಟಿಯಲ್ಲಿ ಸ್ಥಳ ಸಾಲದೆಂದು ಮೊದಲ ನಾಲ್ಕನ್ನು ಮಾತ್ರ ಉಳಿಸಿದರೆ 'ಶಾಸ್' ಎಂಬ ಅರ್ಥವಿಲ್ಲದ ತುಂಡು ಉಳಿಯುತ್ತದೆ. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಲು ಅವಕಾಶವಿರುವುದರಿಂದ, 'ಕೊಡಗು' ಎಂದೇ ಕಾಣುವ ಎರಡು ಪದಗಳು ಯಂತ್ರಕ್ಕೆ ಬೇರೆಬೇರೆಯಾಗಬಹುದು. ಪಠ್ಯವನ್ನು ಒಂದೇ ರೂಪಕ್ಕೆ ತಂದುಕೊಳ್ಳದೆ ಹುಡುಕಿದರೆ ಭಂಡಾರದಲ್ಲಿರುವ ಪುಸ್ತಕವೇ ಇಲ್ಲವೆಂಬ ಉತ್ತರ ಬರುತ್ತದೆ. ಅಕಾರಾದಿಯ ವಿಚಾರವೂ ಹೀಗೆಯೇ. ಯೂನಿಕೋಡಿನ ಕ್ರಮಾಂಕದಲ್ಲಿ 'ಳ' ಇರುವುದು 'ಲ' ಮತ್ತು 'ವ'ಗಳ ನಡುವೆ. ಕನ್ನಡ ವರ್ಣಮಾಲೆಯಲ್ಲಿ ಅದರ ಸ್ಥಾನ 'ಹ'ದ ಅನಂತರ. 1894ರ ಕಿಟ್ಟೆಲ್ ನಿಘಂಟಿನ ಕ್ರಮದಂತೆ 'ಹಸು' ಮೊದಲು ಬಂದು 'ಹಳೆ' ಆಮೇಲೆ ಬರಬೇಕು. ಪೈಥಾನಿನ ಸಹಜ ವಿಂಗಡಣೆಯಲ್ಲಿ ಕ್ರಮ ತಲೆಕೆಳಗಾಗುತ್ತದೆ. ಸ್ಟ್ರಿಂಗ್ ಎಂಬ ಪ್ರಕಾರಕ್ಕೆ ಸಂಕೇತದ ಕ್ರಮಾಂಕ ಗೊತ್ತೇ ಹೊರತು ಕನ್ನಡದ ಅಕಾರಾದಿ ಗೊತ್ತಿಲ್ಲ. ಅದನ್ನು ಯಂತ್ರಕ್ಕೆ ಕಲಿಸಬೇಕಾದವರು ಕನ್ನಡ ಬಲ್ಲವರು.

ಪಠ್ಯ ಮತ್ತು ಬೈಟುಗಳ ಭೇದ ಪೈಥಾನಿನ ಇತಿಹಾಸದಲ್ಲಿಯೇ ದೊಡ್ಡ ಪ್ರಕರಣವಾಗಿದೆ. ಎರಡನೆಯ ಪೈಥಾನಿನಲ್ಲಿ ಸಾಮಾನ್ಯ ಸ್ಟ್ರಿಂಗ್ ಎಂದರೆ ವಾಸ್ತವವಾಗಿ ಬೈಟುಗಳ ಸಾಲು. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟು ಇರುವುದರಿಂದ ಅಲ್ಲಿ ಈ ಗೊಂದಲ ಮರೆಯಾಗಿತ್ತು. ಕನ್ನಡದಂತಹ ಭಾಷೆಗಳಲ್ಲಿ ಅದು ಹೆಜ್ಜೆಹೆಜ್ಜೆಗೂ ಕಾಡುತ್ತಿತ್ತು. 2008ರ ಡಿಸೆಂಬರಿನಲ್ಲಿ ಹೊರಬಂದ ಮೂರನೆಯ ಪೈಥಾನ್ ಸ್ಟ್ರಿಂಗನ್ನೂ ಬೈಟ್ಸನ್ನೂ ಎರಡು ಪ್ರಕಾರಗಳಾಗಿ ಕಡ್ಡಾಯವಾಗಿ ಬೇರ್ಪಡಿಸಿತು. ಇದರಿಂದ, ಇಂತಹ ಇನ್ನಿತರ ಬದಲಾವಣೆಗಳಿಂದ, ಹಳೆಯ ಕಾರ್ಯಕ್ರಮಗಳು ಎಷ್ಟೋ ನಿಂತುಹೋದವು. ಎರಡೂ ಆವೃತ್ತಿಗಳು ಹನ್ನೊಂದು ವರ್ಷ ಜೊತೆಜೊತೆಯಾಗಿ ನಡೆದು 2020ರ ಜನವರಿ 1ರಂದು ಎರಡನೆಯದರ ಪೋಷಣೆ ಮುಗಿಯಿತು. ಪ್ರಕಾರವನ್ನು ಸರಿಯಾಗಿ ಗುರುತಿಸದ ಒಂದು ತಪ್ಪನ್ನು ತಿದ್ದಲು ಲೋಕದ ತಂತ್ರಜ್ಞರೇ ಇಷ್ಟು ಬೆಲೆ ತೆತ್ತಿರುವಾಗ, ಅದನ್ನು ಪ್ರವೇಶಿಕೆಯ ಪಾಠವೆಂದು ಹಗುರವಾಗಿ ಕಾಣುವುದು ಸರಿಯಲ್ಲ.

ಕನ್ನಡಕ್ಕೂ ಇಂತಹುದೇ ಒಂದು ಹಳೆಯ ಸಾಲವಿದೆ. 1990ರ ದಶಕದಲ್ಲಿಯೂ ಆಮೇಲೆಯೂ ಕನ್ನಡದ ಬಹುಪಾಲು ಬರಹ ಸಿದ್ಧವಾದುದು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಅಕ್ಷರವಿನ್ಯಾಸಗಳಲ್ಲಿ. ಯೂನಿಕೋಡಿಗೆ ಹೊಂದದ ಅಂತಹ ಕಡತಗಳಲ್ಲಿ ಶೇಖರವಾಗಿರುವುದು ರೋಮನ್ ಅಕ್ಷರಗಳ ಮತ್ತು ಇತರ ಚಿಹ್ನೆಗಳ ಸಂಕೇತಗಳು. ಅವುಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಲಾಗಿರುತ್ತದೆ. ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡ ಮರೆಯಾಗಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸುತ್ತದೆ. ಪೈಥಾನ್ ಅದನ್ನು ಸ್ಟ್ರಿಂಗ್ ಎಂದೇ ಒಪ್ಪಿಕೊಳ್ಳುತ್ತದೆ, ದೋಷವನ್ನು ವರದಿ ಮಾಡುವುದಿಲ್ಲ. ಪ್ರಕಾರ ಸರಿಯಿದ್ದ ಮಾತ್ರಕ್ಕೆ ಅರ್ಥ ಸರಿಯಿರುವುದಿಲ್ಲ ಎಂಬ ಎಚ್ಚರಿಕೆಯೂ ಇಲ್ಲಿದೆ. ಇಂತಹ ಕಡತಗಳನ್ನು ಯೂನಿಕೋಡಿಗೆ ತರುವುದು ಒಂದು ಸಂಕೇತಕ್ಕೆ ಇನ್ನೊಂದನ್ನು ಇಡುವಷ್ಟು ಸರಳವಲ್ಲ. 'ರ್ಕ' ಎಂಬಲ್ಲಿ ಯೂನಿಕೋಡ್ ಉಚ್ಚಾರಣೆಯಂತೆ ರಕಾರವನ್ನು ಮೊದಲಿಡುತ್ತದೆ. ಆಕಾರವನ್ನು ಅನುಸರಿಸುವ ಹಳೆಯ ವಿನ್ಯಾಸಗಳಲ್ಲಿ ಅರ್ಕಾವತ್ತು ವ್ಯಂಜನದ ಅನಂತರ ಬರುತ್ತದೆ. ಒತ್ತಕ್ಷರಗಳ ರಚನೆಯನ್ನು ಬಲ್ಲವರೇ ಈ ಪರಿವರ್ತನೆಯನ್ನು ಪರಿಶೀಲಿಸಬೇಕು.

ಹೊರನಾಡಿನಲ್ಲಿ ಈ ಕೆಲಸಕ್ಕೆ ವಿಶೇಷವಾದ ತುರ್ತು ಇದೆ. ಕರ್ನಾಟಕದಲ್ಲಿ ಆಡಳಿತ, ಪತ್ರಿಕೆ, ಶಾಲೆಗಳ ಅಗತ್ಯವೇ ಕನ್ನಡದ ದೋಷಗಳನ್ನು ಎಂದಾದರೊಂದು ದಿನ ಬೆಳಕಿಗೆ ತರುತ್ತದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಸಂಘದ ಮುಖಪತ್ರ, ನಾಟಕೋತ್ಸವದ ಸ್ಮರಣಸಂಚಿಕೆ, ರಾತ್ರಿಶಾಲೆಯ ದಾಖಲೆಗಳನ್ನು ಓದಿ ತಿದ್ದಬಲ್ಲವರು ಕೆಲವರೇ. ಅಲ್ಲಿ ಕಡತ ಕೆಟ್ಟರೆ ಕೆಟ್ಟಿದೆಯೆಂದು ತಿಳಿಯುವುದೇ ಕಷ್ಟ. ಸೂಚಿಯಲ್ಲಿ ಸಿಗದ ಪುಸ್ತಕವನ್ನು ಕಪಾಟಿನಲ್ಲಿ ಹುಡುಕುವವರು ಯಾರೂ ಉಳಿಯದ ದಿನ ಆ ಪುಸ್ತಕ ಇದ್ದೂ ಇಲ್ಲದಂತಾಗುತ್ತದೆ.

ಈ ವಾದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಇದು ತಂತ್ರಜ್ಞರ ಕೆಲಸವೆಂಬುದು ಮೊದಲನೆಯದು. ತಂತ್ರಜ್ಞನಿಗೆ ಪ್ರಕಾರಗಳು ತಿಳಿದಿರುತ್ತವೆ, ಆದರೆ ಎಂಟಾಣೆ, ಪ್ರಭವ, ಳಕಾರಗಳು ತಿಳಿದಿರಲೇಬೇಕೆಂದಿಲ್ಲ. ವಸ್ತುವಿನ ಜಾತಿಯನ್ನು ನಿರ್ಣಯಿಸುವುದು ವಸ್ತುವನ್ನು ಬಲ್ಲವರ ಹೊಣೆ. ಈಗ ಯಂತ್ರವೇ ಕಾರ್ಯಕ್ರಮವನ್ನು ಬರೆದುಕೊಡುತ್ತಿರುವಾಗ ಮನುಷ್ಯ ಇದನ್ನೆಲ್ಲ ಏಕೆ ಕಲಿಯಬೇಕೆಂಬುದು ಎರಡನೆಯದು, ಇಂದಿನ ದಿನಗಳಲ್ಲಿ ಹೆಚ್ಚಾಗಿ ಕೇಳಿಬರುವುದು. ಯಂತ್ರ ಬರೆದ ಕಾರ್ಯಕ್ರಮ ದೋಷವಿಲ್ಲದೆ ನಡೆದು ತಪ್ಪು ಉತ್ತರ ಕೊಡುವ ಸಂಭವವೇ ಹೆಚ್ಚು ಅಪಾಯಕರ. 1549 ಎಂಬ ವರ್ಷವನ್ನು ಕಂಡು ಇದು ಅಸಾಧ್ಯವೆಂದು ಹೇಳಬಲ್ಲ ಓದುಗ, ಅದು ಎಲ್ಲಿಂದ ಬಂದಿತೆಂದು ಪತ್ತೆಹಚ್ಚುವಷ್ಟಾದರೂ ಕಲಿತಿರಬೇಕು. ಸಾಹಿತ್ಯದ ಪಠ್ಯಕ್ರಮದಲ್ಲಿ ಇದಕ್ಕೆ ಅವಕಾಶವೆಲ್ಲಿ ಎಂಬುದು ಮೂರನೆಯದು. ಈ ಆಕ್ಷೇಪದಲ್ಲಿ ಹುರುಳಿದೆ. ಹಳಗನ್ನಡಕ್ಕೇ ಸಮಯ ಸಾಲದೆಂಬ ಅಧ್ಯಾಪಕರ ಕೊರಗು ಸುಳ್ಳಲ್ಲ. ಆದರೆ ಇದಕ್ಕೆ ಪ್ರತ್ಯೇಕ ಪತ್ರಿಕೆ ಬೇಕಾಗಿಲ್ಲ. ಛಂದಸ್ಸಿನ ಪಾಠದಲ್ಲಿ ಅಕ್ಷರ ಮತ್ತು ಸಂಕೇತಗಳ ಭೇದವನ್ನೂ, ನಿಘಂಟುಶಾಸ್ತ್ರದಲ್ಲಿ ಅಕಾರಾದಿಯನ್ನೂ, ಗ್ರಂಥಸಂಪಾದನೆಯಲ್ಲಿ ಅಭಾವದ ನಿರ್ವಹಣೆಯನ್ನೂ ಸೇರಿಸಿ ಕಲಿಸಬಹುದು.

ಹಾಗೆ ಕಲಿಸುವಾಗ ಕನ್ನಡದಲ್ಲಿಯೇ ಕಲಿಸುವುದು ಸಾಧ್ಯ. ಮೂರನೆಯ ಪೈಥಾನಿನಲ್ಲಿ ಆಜ್ಞಾಪದಗಳು ಇಂಗ್ಲಿಷಿನಲ್ಲಿದ್ದರೂ ಬರೆಯುವವನು ಇಡುವ ಹೆಸರುಗಳು ಕನ್ನಡದಲ್ಲಿರಬಹುದು. 'ಬೆಲೆ', 'ಪುಟ', 'ಕರ್ತೃ' ಎಂಬ ಹೆಸರುಗಳನ್ನು ಅದು ಒಪ್ಪುತ್ತದೆ. ಪ್ರತಿಯೊಂದು ವಿಭಾಗವೂ ತನ್ನ ಊರಿನ ಒಂದು ಸಂಘದ ಪುಸ್ತಕ ಭಂಡಾರವನ್ನು ಆಯ್ದುಕೊಂಡು, ವಿದ್ಯಾರ್ಥಿಗಳಿಂದ ಅದರ ಸೂಚಿಯನ್ನು ಮಾಡಿಸಿ, ಒಂದೊಂದು ಅಂಕಣಕ್ಕೂ ಯಾವ ಪ್ರಕಾರವನ್ನು ಏಕೆ ಆಯ್ದರೆಂದು ಕನ್ನಡದಲ್ಲಿ ಒಂದು ಪುಟ ಬರೆಯಿಸಿದರೆ, ಎರಡು ವರ್ಷಗಳಲ್ಲಿ ಅದು ಸ್ನಾತಕೋತ್ತರ ಪದವಿಯ ಕಿರುಪ್ರಬಂಧಕ್ಕೆ ಯೋಗ್ಯವಾದ ಕಾರ್ಯವಾದೀತು. ಸಂಘಕ್ಕೆ ನಂಬತಕ್ಕ ಸೂಚಿ ದೊರೆಯುತ್ತದೆ. ವಿದ್ಯಾರ್ಥಿಗೆ, ಎಣಿಸುವುದಕ್ಕೆ ಮುನ್ನ ಏನನ್ನು ಎಣಿಸಲಾಗುತ್ತಿದೆಯೆಂದು ಕೇಳುವ ಅಭ್ಯಾಸ ದೊರೆಯುತ್ತದೆ. ಹೊರನಾಡಿನ ಹಳೆಯ ಪುಸ್ತಕಗಳು ಮತ್ತು ಹಳೆಯ ಕಡತಗಳು ಇನ್ನೂ ಕೈಗೆ ಸಿಗುವಂತಿರುವಾಗಲೇ, ಅವುಗಳನ್ನು ತಂದವರೂ ಓದಿದವರೂ ಇನ್ನೂ ಮಾತನಾಡಲು ಸಿಗುವಾಗಲೇ ಈ ಕಾರ್ಯ ಆರಂಭವಾಗುವುದು ಅಗತ್ಯ.